ರೆಪ್ಪೆಯ ಮೇಲಿನ ದುಬಾರಿ ಬಣ್ಣ: ಕೊಳ್ಳುವ ಮುನ್ನ, ಹಚ್ಚುವ ಮುನ್ನ



ಮದುವೆ, ಮುಂಜಿ, ಗೃಹಪ್ರವೇಶಗಳ ಕಾಲ ಬಂತೆಂದರೆ ಹೃದಯದ ಡಾಕ್ಟರಿಗೂ ಮೇಕಪ್ಪಿನ ಪ್ರಶ್ನೆಗಳು ಬರುತ್ತವೆ. "ಮಗಳು ಮ್ಯಾಕ್ ಐಶ್ಯಾಡೋನೇ ಬೇಕು ಅಂತಿದ್ದಾಳೆ ಡಾಕ್ಟ್ರೇ, ಒಂದೇ ಒಂದು ಬಣ್ಣಕ್ಕೆ ಅಷ್ಟು ದುಡ್ಡು ಸುರಿಯಬೇಕಾ?" "ಅಗ್ಗದ್ದರಲ್ಲಿ ಸೀಸ ಇರುತ್ತಂತೆ, ನಿಜವಾ?" "ದುಬಾರಿಯದು ಹಚ್ಚಿದರೆ ಕಣ್ಣಿಗೆ ಏನೂ ಆಗಲ್ಲ ಅಲ್ವಾ?" ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿರುವ ನಮ್ಮ ಮನೆಗಳಲ್ಲಿ ಈ ಮಾತು ಸಾಮಾನ್ಯ. ದೊಡ್ಡ ಮಾಲು ಹತ್ತಿರದಲ್ಲೇ ಇರುತ್ತದೆ, ಅಂಗಡಿಯ ಹುಡುಗಿ ಒಂದು ಕಣ್ಣಿಗೆ ಹಚ್ಚಿ ತೋರಿಸುತ್ತಾಳೆ, ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಬೆಲೆ ಕೇಳಿದ ಮೇಲೆ ಮನೆಗೆ ಬಂದು ಚರ್ಚೆ.

ಇದಕ್ಕೆ ಹೃದ್ರೋಗ ತಜ್ಞರು ಯಾಕೆ ಉತ್ತರ ಬರೆಯಬೇಕು ಎಂದು ಕೇಳಬಹುದು. ರೋಗಿ ಎದುರು ಕುಳಿತಾಗ ನಾವು ಮೊದಲು ನೋಡುವ ಜಾಗಗಳಲ್ಲಿ ಕಣ್ಣಿನ ರೆಪ್ಪೆಯೂ ಒಂದು. ರಕ್ತ ಕಡಿಮೆಯಿದ್ದರೆ ಕೆಳರೆಪ್ಪೆಯ ಒಳಭಾಗ ಬಿಳಿಚಿರುತ್ತದೆ. ಕಿಡ್ನಿ ಅಥವಾ ಥೈರಾಯ್ಡ್ ತೊಂದರೆಯಿದ್ದರೆ ರೆಪ್ಪೆ ಊದಿಕೊಂಡಿರಬಹುದು. ಕೊಲೆಸ್ಟ್ರಾಲ್ ಹೆಚ್ಚಾದ ಗುರುತು ಕೆಲವರಲ್ಲಿ ರೆಪ್ಪೆಯ ಮೇಲೇ ಹಳದಿಯಾಗಿ ಕೂತಿರುತ್ತದೆ. ಆ ಜಾಗಕ್ಕೆ ಬಣ್ಣ ಹಚ್ಚುವ ವಿಷಯ ಬಂದಾಗ ನನಗೂ ಎರಡು ಮಾತು ಹೇಳುವುದಿದೆ. ಲಾಭವನ್ನೂ ಹೇಳುತ್ತೇನೆ, ನಷ್ಟವನ್ನೂ ಹೇಳುತ್ತೇನೆ. ಕೊನೆಯ ತೀರ್ಮಾನ ನಿಮ್ಮದು.

*ಮೊದಲು, ಈ ಮ್ಯಾಕ್ ಎಂದರೆ ಏನು?*

ದುಬಾರಿ ಬ್ರ್ಯಾಂಡುಗಳು ಹಲವು ಇವೆ. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಹೆಚ್ಚು ಕೇಳಿಬರುವ ಹೆಸರು ಮ್ಯಾಕ್, ಹಾಗಾಗಿ ಅದನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಇಲ್ಲಿ ಹೇಳಿದ ಹೆಚ್ಚಿನ ಮಾತು ಉಳಿದ ದುಬಾರಿ ಕಂಪನಿಗಳಿಗೂ ಹೊಂದುತ್ತದೆ.

ಮ್ಯಾಕ್ ಎನ್ನುವುದು 'ಮೇಕಪ್ ಆರ್ಟ್ ಕಾಸ್ಮೆಟಿಕ್ಸ್' ಎಂಬುದರ ಸಂಕ್ಷಿಪ್ತ ರೂಪ. 1984ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರಾಂಕ್ ಟೋಸ್ಕನ್ ಮತ್ತು ಫ್ರಾಂಕ್ ಏಂಜೆಲೊ ಇದನ್ನು ಆರಂಭಿಸಿದರು. ಟೋಸ್ಕನ್ ಮೇಕಪ್ ಕಲಾವಿದ ಮತ್ತು ಛಾಯಾಗ್ರಾಹಕ, ಏಂಜೆಲೊ ಕೇಶಾಲಂಕಾರದ ಸಲೂನುಗಳ ಮಾಲೀಕ. ಫೋಟೋ ತೆಗೆಯುವ ಪ್ರಖರ ಬೆಳಕಿನಲ್ಲಿ ಆಗಿನ ಮೇಕಪ್ ಸರಿಯಾಗಿ ನಿಲ್ಲುತ್ತಿರಲಿಲ್ಲ, ಅದಕ್ಕೆಂದೇ ಇವರು ಗಾಢವಾದ ಬಣ್ಣ ತಯಾರಿಸಿದರು. ಮುಂದೆ 1990ರ ದಶಕದಲ್ಲಿ ಅಮೆರಿಕದ ಎಸ್ಟೀ ಲಾಡರ್ ಕಂಪನಿ ಇದನ್ನು ಕೊಂಡುಕೊಂಡಿತು. ಅಂದರೆ ಇದು ಕ್ಯಾಮೆರಾ ಮುಂದೆ, ಬಿಸಿ ದೀಪದ ಕೆಳಗೆ ಗಂಟೆಗಟ್ಟಲೆ ನಿಲ್ಲುವವರಿಗಾಗಿ ಹುಟ್ಟಿದ ಬಣ್ಣ. ಸಂಜೆ ಹಾಲು ತರಲು ಅಂಗಡಿಗೆ ಹೋಗುವಾಗ ಹಚ್ಚಿಕೊಳ್ಳಲು ಮಾಡಿದ್ದಲ್ಲ. ಈ ಒಂದು ಮಾತು ನೆನಪಿಟ್ಟುಕೊಂಡರೆ ಬೆಲೆಯ ಲೆಕ್ಕ ಸುಲಭವಾಗುತ್ತದೆ.

*ಬೆಲೆಯ ಲೆಕ್ಕ*

ಮ್ಯಾಕ್‌ನ ಒಂದು ಸಣ್ಣ ಐಶ್ಯಾಡೋ ಡಬ್ಬಿಯಲ್ಲಿ ಇರುವುದು 1.5 ಗ್ರಾಂ. ಬೆಲೆ ಆಗಾಗ ಬದಲಾಗುತ್ತದೆ, ಲೆಕ್ಕಕ್ಕೆ 2,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹಾಗಾದರೆ ಒಂದು ಗ್ರಾಂಗೆ 1,333 ರೂಪಾಯಿ ಆಯಿತು. ಪಾಯಸಕ್ಕೆ ಹಾಕುವ ಒಳ್ಳೆಯ ಕೇಸರಿಗಿಂತ ದುಬಾರಿ!

ಗಾಬರಿಯಾಗಬೇಡಿ, ಲೆಕ್ಕ ಇನ್ನೂ ಮುಗಿದಿಲ್ಲ. ಗಾಢ ಬಣ್ಣವಾದ್ದರಿಂದ ಒಮ್ಮೆಗೆ ಬೇಕಾಗುವುದು ಬಹಳ ಕಡಿಮೆ. ಎರಡೂ ಕಣ್ಣಿಗೆ ಸೇರಿ 10 ಮಿಲಿಗ್ರಾಂ ಎಂದುಕೊಂಡರೂ ಒಂದು ಡಬ್ಬಿ 150 ಸಲಕ್ಕೆ ಬರುತ್ತದೆ. ಒಂದು ಸಲಕ್ಕೆ 13 ರೂಪಾಯಿ ಚಿಲ್ಲರೆ. ಆಫೀಸಿಗೆ ದಿನಾ ಹಚ್ಚಿಕೊಂಡು ಹೋಗುವ ಮಗಳಿಗೆ ಇದು ದುಂದುವೆಚ್ಚವಲ್ಲ, ಅವಳು ಡಬ್ಬಿ ಖಾಲಿ ಮಾಡುತ್ತಾಳೆ.

ಆದರೆ ವರ್ಷಕ್ಕೆ ಎಂಟು ಸಮಾರಂಭಕ್ಕೆ ಮಾತ್ರ ಹಚ್ಚುವವರ ಲೆಕ್ಕ ಬೇರೆ. ಎರಡು ವರ್ಷದಲ್ಲಿ ಹದಿನಾರು ಸಲ. ಆಮೇಲೆ ಅದು ಹಳೆಯದಾಗುತ್ತದೆ, ಎಸೆಯಬೇಕಾಗುತ್ತದೆ. ಆಗ ಒಂದು ಸಲಕ್ಕೆ 125 ರೂಪಾಯಿ ಬೀಳುತ್ತದೆ. ಹತ್ತು ಹನ್ನೆರಡು ಬಣ್ಣದ ದೊಡ್ಡ ಪ್ಯಾಲೆಟ್ ಕೊಂಡರೆ ಇನ್ನೂ ಕಷ್ಟ. ಕಂದು, ಗುಲಾಬಿ, ಬಂಗಾರ ಈ ಮೂರು ಬಣ್ಣದಲ್ಲಿ ಕುಳಿ ಬಿದ್ದಿರುತ್ತದೆ, ನೀಲಿ ಹಸಿರು ಬಣ್ಣಗಳು ತಂದ ದಿನದ ಹಾಗೇ ಇರುತ್ತವೆ. ಮನೆಯಲ್ಲಿರುವ ಪ್ಯಾಲೆಟ್ ಒಮ್ಮೆ ತೆರೆದು ನೋಡಿ, ಗೊತ್ತಾಗುತ್ತದೆ. ಮ್ಯಾಕ್‌ನಲ್ಲಿ ಡಬ್ಬಿಯಿಲ್ಲದ ಬರೀ ಬಣ್ಣದ ಬಿಲ್ಲೆಯೂ ಸ್ವಲ್ಪ ಕಡಿಮೆ ಬೆಲೆಗೆ ಸಿಗುತ್ತದೆ. ನಿಜವಾಗಿ ಬಳಸುವ ಎರಡು ಬಣ್ಣ ಆರಿಸಿ ಕೊಳ್ಳುವುದೇ ಜಾಣತನ.

*ಡಬ್ಬಿಯೊಳಗೆ ಏನಿದೆ?*

ಅಗ್ಗದ್ದಾಗಲಿ ದುಬಾರಿಯದಾಗಲಿ, ಪುಡಿ ಐಶ್ಯಾಡೋಗಳ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಟಾಲ್ಕ್, ಅಂದರೆ ನಮ್ಮ ಬಳಪದ ಕಲ್ಲಿನ ನುಣ್ಣನೆಯ ಪುಡಿ. ಮಿನುಗಿಗೆ ಮೈಕಾ, ಅದೇ ನಾವು ಚಿಕ್ಕಂದಿನಲ್ಲಿ ಆರಿಸಿ ಆಡುತ್ತಿದ್ದ ಕಾಗೆಬಂಗಾರ. ಕೆಂಪು, ಹಳದಿ, ಕಂದು, ಕಪ್ಪು ಬಣ್ಣಕ್ಕೆ ಕಬ್ಬಿಣದ ಆಕ್ಸೈಡ್. ಬಿಳುಪಿಗೆ ಟೈಟಾನಿಯಂ ಡೈ ಆಕ್ಸೈಡ್. ಪುಡಿ ಉದುರದಂತೆ ಹಿಡಿದಿಡಲು ಸಿಲಿಕೋನ್ ಎಣ್ಣೆ, ಕೆಡದಂತೆ ಕಾಯಲು ಸ್ವಲ್ಪ ಸಂರಕ್ಷಕ.

ಹಾಗಾದರೆ ದುಡ್ಡು ಹೋಗುವುದು ಎಲ್ಲಿಗೆ? ಸ್ವಲ್ಪ ಭಾಗ ಬಣ್ಣದ ಪ್ರಮಾಣಕ್ಕೆ, ಪುಡಿಯನ್ನು ನುಣ್ಣಗೆ ಅರೆಯುವುದಕ್ಕೆ, ಪರೀಕ್ಷೆಗೆ. ಉಳಿದದ್ದು ಜಾಹೀರಾತಿಗೆ, ಮಾಲಿನ ಬಾಡಿಗೆಗೆ, ಆಮದು ಸುಂಕಕ್ಕೆ, ಹೆಸರಿಗೆ.

ಸಸ್ಯಾಹಾರಿ ಮನೆಯವರು ಒಂದು ವಿಷಯ ತಿಳಿದಿರಬೇಕು. ಕೆಲವು ಕೆಂಪು, ಗುಲಾಬಿ, ನೇರಳೆ ಬಣ್ಣಗಳಲ್ಲಿ ಕಾರ್ಮೈನ್ ಇರುತ್ತದೆ. ಅದು ಕೋಚಿನೀಲ್ ಎಂಬ ಸಣ್ಣ ಕೀಟವನ್ನು ಒಣಗಿಸಿ ಪುಡಿ ಮಾಡಿ ತೆಗೆಯುವ ಬಣ್ಣ. ಮ್ಯಾಕ್‌ನ ಕೆಲವು ಬಣ್ಣಗಳಲ್ಲೂ ಇದೆ, ಬೇರೆ ಹಲವು ಬ್ರ್ಯಾಂಡುಗಳಲ್ಲೂ ಇದೆ. ಲೇಬಲ್ಲಿನಲ್ಲಿ 'ಕಾರ್ಮೈನ್' ಅಥವಾ 'ಸಿಐ 75470' ಎಂದು ಬರೆದಿರುತ್ತದೆ. ಆರೋಗ್ಯದ ದೃಷ್ಟಿಯಿಂದ ಹೆಚ್ಚಿನವರಿಗೆ ತೊಂದರೆಯಿಲ್ಲ, ಅಪರೂಪಕ್ಕೆ ಅಲರ್ಜಿ ಆಗುತ್ತದೆ. ಪೂಜೆ, ವ್ರತ ಎಂದು ನಿಯಮದಿಂದ ನಡೆಯುವವರಿಗೆ ಗೊತ್ತಿರಲಿ ಎಂದು ಹೇಳಿದೆ.

ಕಾಗೆಬಂಗಾರದ ಹಿಂದೆಯೂ ಒಂದು ಕಥೆಯಿದೆ. ಜಾರ್ಖಂಡ್, ಬಿಹಾರದ ಮೈಕಾ ಪ್ರದೇಶಗಳಲ್ಲಿ ಬಡ ಮಕ್ಕಳು ಇದನ್ನು ಹೆಕ್ಕುತ್ತಿದ್ದ ಸುದ್ದಿ ಜಗತ್ತಿಗೆಲ್ಲ ಗೊತ್ತಾಯಿತು. ನಂತರ 2017ರಲ್ಲಿ ಕೆಲವು ದೊಡ್ಡ ಕಂಪನಿಗಳು ಸೇರಿ ಇದನ್ನು ತಡೆಯಲೆಂದೇ ಒಂದು ಸಂಘಟನೆ ಮಾಡಿಕೊಂಡವು. ಹೆಸರಿಲ್ಲದ ಡಬ್ಬಿಯ ಮಿನುಗು ಎಲ್ಲಿಂದ ಬಂತು ಎಂದು ಕೇಳಲು ಯಾರೂ ಇಲ್ಲ. ಹೆಸರಿರುವ ಕಂಪನಿಯನ್ನಾದರೂ ಕೇಳಬಹುದು.

*ದುಡ್ಡಿಗೆ ನಿಜವಾಗಿ ಸಿಗುವ ಲಾಭ*

1. ಬಣ್ಣ ಒಂದೇ ಎಳೆತಕ್ಕೆ ಕೂರುತ್ತದೆ. ಅಗ್ಗದ ಪುಡಿಯನ್ನು ನಾಲ್ಕು ಸಲ ತಿಕ್ಕಬೇಕು. ರೆಪ್ಪೆಯ ಚರ್ಮ ನಮ್ಮ ದೇಹದಲ್ಲೇ ಅತಿ ತೆಳು, ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ತಿಕ್ಕುವುದು ಕಡಿಮೆಯಾದಷ್ಟೂ ಒಳ್ಳೆಯದು.

2. ಪುಡಿ ಕಡಿಮೆ ಉದುರುತ್ತದೆ. ಉದುರಿದ ಪುಡಿ ಕಣ್ಣೊಳಗೆ ಹೋದರೆ ಉರಿ, ಕೆಂಪು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಇದು ದೊಡ್ಡ ಲಾಭ.

3. ನಮ್ಮ ಮೈಬಣ್ಣಕ್ಕೆ ಎದ್ದು ಕಾಣುವ ಬಣ್ಣಗಳು ಸಿಗುತ್ತವೆ. ಗೋಧಿ ಬಣ್ಣ, ಎಣ್ಣೆಗಪ್ಪು ಮುಖಕ್ಕೆ ಮಾಸಲು ಪುಡಿ ಹಚ್ಚಿದರೆ ಬೂದಿ ಬಳಿದಂತಾಗುತ್ತದೆ.

4. ಲೇಬಲ್ ಇರುತ್ತದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಲಾಭ ಇದೇ. ಒಳಗೆ ಏನಿದೆ, ಯಾರು ತಯಾರಿಸಿದರು, ಯಾರು ಆಮದು ಮಾಡಿದರು ಎಂದು ಬರೆದಿರುತ್ತದೆ. ನಮ್ಮ ದೇಶದಲ್ಲಿ 2020ರ ಸೌಂದರ್ಯವರ್ಧಕಗಳ ನಿಯಮದ ಪ್ರಕಾರ ಆಮದಾದ ಸಾಮಾನಿಗೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ನೋಂದಣಿ ಬೇಕು, ಆ ಸಂಖ್ಯೆ ಡಬ್ಬಿಯ ಮೇಲಿರಬೇಕು. ಬಳಸುವ ಕೃತಕ ಬಣ್ಣದಲ್ಲಿ ಸೀಸ 20 ಪಿಪಿಎಂ, ಆರ್ಸೆನಿಕ್ 2 ಪಿಪಿಎಂ ಮೀರುವಂತಿಲ್ಲ.

ಆದರೆ ಈ ನಾಲ್ಕನೆಯ ಲಾಭಕ್ಕೆ ಎರಡು ಸಾವಿರ ಕೊಡಲೇಬೇಕು ಎಂದೇನಿಲ್ಲ. ಐದಾರು ನೂರು ರೂಪಾಯಿಯ ದೇಶಿ ಕಂಪನಿಯ ಪ್ಯಾಲೆಟ್ಟಿಗೂ ಇದೇ ಕಾನೂನು, ಇದೇ ಮಿತಿ. ಅಪಾಯ ಇರುವುದು ಹೆಸರು ವಿಳಾಸವಿಲ್ಲದ ಮಾಲಿನಲ್ಲಿ, ಮತ್ತು ದೊಡ್ಡ ಹೆಸರಿನ ನಕಲಿ ಮಾಲಿನಲ್ಲಿ. ಎರಡು ಸಾವಿರದ ಬ್ರ್ಯಾಂಡ್ ಇನ್ನೂರಕ್ಕೆ ಸಿಕ್ಕಿತು ಎಂದು ಖುಷಿಪಡಬೇಡಿ. ನಕಲಿ ಮಾಡುವವನು ಹೊರಡಬ್ಬಿಯನ್ನು ಮಾತ್ರ ಚೆನ್ನಾಗಿ ಮಾಡುತ್ತಾನೆ, ಒಳಗಿನ ಪುಡಿಯನ್ನು ಯಾರೂ ಪರೀಕ್ಷಿಸಿರುವುದಿಲ್ಲ. ನಾಲ್ಕು ನೂರರ ಅಸಲಿ ದೇಶಿ ಡಬ್ಬಿ, ಇನ್ನೂರರ ನಕಲಿ ವಿದೇಶಿ ಡಬ್ಬಿಗಿಂತ ನೂರು ಪಾಲು ಮೇಲು.

ಸೀಸದ ಮಾತು ಬಂದಿದ್ದರಿಂದ ಇನ್ನೊಂದು ಸೂಚನೆ. ಹೃದಯದ ದೃಷ್ಟಿಯಿಂದ ನನಗೆ ಐಶ್ಯಾಡೋಗಿಂತ ಹೆಚ್ಚು ಚಿಂತೆ ಇರುವುದು ಸುರ್ಮಾ ಬಗ್ಗೆ. ಸಾಂಪ್ರದಾಯಿಕ ಸುರ್ಮಾವನ್ನು ಸೀಸದ ಸಲ್ಫೈಡ್ ಇರುವ ಕಲ್ಲನ್ನು ಅರೆದು ಮಾಡುತ್ತಾರೆ. ಸೀಸ ದೇಹದಲ್ಲಿ ಸೇರುತ್ತಾ ಹೋದರೆ ರಕ್ತದೊತ್ತಡ ಹೆಚ್ಚುತ್ತದೆ, ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಯಾಗುತ್ತದೆ. ಅಜ್ಜಿ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಮಾಡುತ್ತಿದ್ದ ಕಾಡಿಗೆ ಬೇರೆ, ಅದು ದೀಪದ ಮಸಿ. ಆದರೂ ಹಸುಗೂಸಿನ ಕಣ್ಣೊಳಗೆ ಯಾವ ಕಾಡಿಗೆಯನ್ನೂ ಹಚ್ಚಬೇಡಿ. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಪಾದಕ್ಕೆ ಇಡಿ.

*ದುಡ್ಡು ಕೊಟ್ಟರೂ ಸಿಗದ್ದು*

ಬೆಲೆ ಎಷ್ಟೇ ಇರಲಿ, ಸೋಂಕಿನಿಂದ ವಿನಾಯಿತಿ ಸಿಗುವುದಿಲ್ಲ. ಅಂಗಡಿಯ ಟೆಸ್ಟರ್ ನಿಮಗಿಂತ ಮೊದಲು ಎಷ್ಟು ಜನರ ಕಣ್ಣಿಗೆ ತಾಗಿದೆಯೋ ದೇವರೇ ಬಲ್ಲ. ಬಣ್ಣ ನೋಡಬೇಕಾದರೆ ಮುಂಗೈ ಮೇಲೆ ಹಚ್ಚಿ ನೋಡಿ, ಕಣ್ಣಿಗೆ ಬೇಡ. ಮದುವೆಮನೆಯಲ್ಲಿ ಒಂದೇ ಬ್ರಷ್ಷು ವಧುವಿನಿಂದ ಹಿಡಿದು ನಾದಿನಿ, ಚಿಕ್ಕಮ್ಮ, ಅತ್ತಿಗೆಯವರೆಗೆ ಓಡಾಡುತ್ತದೆ. ಒಬ್ಬರಿಗೆ ಕಣ್ಣುಬೇನೆಯಿದ್ದರೆ ಬೀಗರ ಊಟದ ಹೊತ್ತಿಗೆ ನಾಲ್ಕು ಜನರ ಕಣ್ಣು ಕೆಂಪು.

ಅಲರ್ಜಿಯಿಂದಲೂ ವಿನಾಯಿತಿಯಿಲ್ಲ. ಸುಗಂಧ, ಸಂರಕ್ಷಕ, ಬಣ್ಣದಲ್ಲಿ ಸೇರಿಕೊಂಡಿರಬಹುದಾದ ಚೂರು ನಿಕ್ಕಲ್, ಇವು ಯಾರಿಗೆ ಒಗ್ಗುವುದಿಲ್ಲವೋ ಅವರಿಗೆ ಯಾವ ಬೆಲೆಯ ಡಬ್ಬಿಯಾದರೂ ತುರಿಕೆ ತರುತ್ತದೆ. ಒಂದು ವಿಚಿತ್ರ ಕೇಳಿ: ರೆಪ್ಪೆ ತುರಿಸಿ ಸಿಪ್ಪೆ ಏಳುವುದಕ್ಕೆ ಉಗುರಿನ ಬಣ್ಣವೂ ಕಾರಣವಾಗಿರುವುದುಂಟು. ಗೊತ್ತಿಲ್ಲದೆ ಕಣ್ಣುಜ್ಜುತ್ತೇವಲ್ಲ, ಆಗ ಉಗುರಿನಿಂದ ರೆಪ್ಪೆಗೆ ಹತ್ತುತ್ತದೆ. ಐಶ್ಯಾಡೋ ಬದಲಾಯಿಸಿದರೂ ತುರಿಕೆ ಹೋಗದಿದ್ದರೆ ಉಗುರಿನ ಬಣ್ಣವನ್ನೂ ಬಿಟ್ಟು ನೋಡಿ.

ಹೊಳೆಯುವ ಗಾಢ ಗುಲಾಬಿ, ಕಿತ್ತಳೆಯಂಥ ನಿಯಾನ್ ಬಣ್ಣಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವುಗಳಲ್ಲಿನ ಕೆಲವು ಬಣ್ಣಗಳಿಗೆ ಅಮೆರಿಕದ ಎಫ್‌ಡಿಎ ಕಣ್ಣಿನ ಸುತ್ತ ಹಚ್ಚಲು ಒಪ್ಪಿಗೆ ಕೊಟ್ಟಿಲ್ಲ. ಅದಕ್ಕಾಗಿ ಕೆಲವು ಕಂಪನಿಗಳು ಅವನ್ನು ಐಶ್ಯಾಡೋ ಎನ್ನದೆ 'ಪ್ರೆಸ್ಡ್ ಪಿಗ್ಮೆಂಟ್' ಎಂದು ಮಾರುತ್ತವೆ, ಸಣ್ಣ ಅಕ್ಷರದಲ್ಲಿ ಕಣ್ಣಿನ ಸುತ್ತ ಹಚ್ಚಬೇಡಿ ಎಂದಿರುತ್ತದೆ. ಪ್ಯಾಲೆಟ್ ನೋಡಿದರೆ ಐಶ್ಯಾಡೋದಂತೆಯೇ ಇರುತ್ತದೆ. ಡಬ್ಬಿಯ ಹಿಂಭಾಗ ಓದದೆ ಹಚ್ಚಬೇಡಿ.

ಟಾಲ್ಕ್ ಬಗ್ಗೆ ನೀವು ಹೆದರಿಸುವ ಮೆಸೇಜುಗಳನ್ನು ನೋಡಿರಬಹುದು. ನಿಜ ಇಷ್ಟು: ಟಾಲ್ಕ್ ಮತ್ತು ಆಸ್ಬೆಸ್ಟಾಸ್ ಭೂಮಿಯಲ್ಲಿ ಅಕ್ಕಪಕ್ಕ ಇರುವ ಖನಿಜಗಳು, ಎಚ್ಚರ ತಪ್ಪಿದರೆ ಬೆರಕೆಯಾಗುತ್ತವೆ. 2019ರಲ್ಲಿ ಅಮೆರಿಕದಲ್ಲಿ ಹದಿಹರೆಯದ ಹುಡುಗಿಯರಿಗೆಂದು ಮಾರುತ್ತಿದ್ದ ಐಶ್ಯಾಡೋ ಸೇರಿ ಮೂರು ಸಾಮಾನುಗಳಲ್ಲಿ ಆಸ್ಬೆಸ್ಟಾಸ್ ಇರುವುದನ್ನು ಎಫ್‌ಡಿಎ ಖಚಿತಪಡಿಸಿತು. ಹಾಗೆಂದು ಎಲ್ಲ ಟಾಲ್ಕೂ ವಿಷವಲ್ಲ. ಆಟದ ಮೇಕಪ್ ಸೆಟ್ಟುಗಳನ್ನು ಪುಟ್ಟ ಮಕ್ಕಳಿಗೆ ಕೊಡಿಸಬೇಡಿ, ಯಾವ ಪುಡಿಯನ್ನೂ ಊದಿ ಉಸಿರಿಗೆ ಎಳೆದುಕೊಳ್ಳಬೇಡಿ. ಇಷ್ಟು ಸಾಕು.

*ಚೆನ್ನಾಗಿ ಮುಚ್ಚುವುದೇ ತೊಂದರೆಯಾದಾಗ*

ಈಗ ಹೃದಯದ ಮಾತಿಗೆ ಬರುತ್ತೇನೆ. ದುಬಾರಿ ಐಶ್ಯಾಡೋದ ಅತಿ ದೊಡ್ಡ ಗುಣ ಏನು? ಕೆಳಗಿರುವುದನ್ನು ಚೆನ್ನಾಗಿ ಮುಚ್ಚುತ್ತದೆ. ಕೆಲವರ ಪಾಲಿಗೆ ಅದರ ಅತಿ ದೊಡ್ಡ ದೋಷವೂ ಇದೇ.

ಪುಣೆಯಲ್ಲಿ ನೆಲೆಸಿರುವ, ಧಾರವಾಡದ ಕಡೆಯ ಕುಟುಂಬವೊಂದು ಬಂದಿತ್ತು. ಅತ್ತೆಯವರಿಗೆ ಎಕೋ ಮಾಡಿಸಲು ಸೊಸೆ ಕರೆತಂದಿದ್ದರು. ಸೊಸೆಗೆ ನಲವತ್ತನಾಲ್ಕು ವರ್ಷ. ಬೇಸಿಗೆಯ ಬೆವರಿಗೆ ಅವರ ಒಂದು ಕಣ್ಣಿನ ಬಣ್ಣ ಕರಗಿತ್ತು, ಮೂಗಿನ ಪಕ್ಕದ ಮೂಲೆಯಲ್ಲಿ ಹಳದಿ ಮಚ್ಚೆ ಕಾಣುತ್ತಿತ್ತು. ಕೇಳಿದೆ. "ನನಗಲ್ರೀ ಡಾಕ್ಟರ್ರ, ಅತ್ತಿಯವರಿಗೆ ತೋರಸ್ಲಿಕ್ಕೆ ಬಂದೇವಿ" ಎಂದು ನಕ್ಕರು. ಮತ್ತೆ ಕೇಳಿದ್ದಕ್ಕೆ, "ಅದೇನಿಲ್ಲ ಬಿಡ್ರೀ, ನಾಲ್ಕು ವರ್ಷ ಆತು. ಪಾರ್ಲರ್‌ನಾಕಿ ಒಂದು ಛಲೋ ಐಶ್ಯಾಡೋ ಹೇಳ್ಯಾಳ, ಹಚ್ಚಿದ್ರ ಕಾಣಂಗಿಲ್ಲ" ಎಂದರು.

ರಕ್ತ ಪರೀಕ್ಷೆ ಮಾಡಿಸಿದೆವು. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 208 ಇತ್ತು. ಅವರ ತಂದೆ ನಲವತ್ತೊಂಬತ್ತಕ್ಕೇ ಹೃದಯಾಘಾತದಿಂದ ತೀರಿಕೊಂಡಿದ್ದರು. ಆ ಮಾತನ್ನು ನಾಲ್ಕು ವರ್ಷದಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ಮಾತ್ರೆ ಶುರುವಾಯಿತು, ಹುಬ್ಬಳ್ಳಿಯಲ್ಲಿರುವ ತಮ್ಮನನ್ನೂ, ಇಲ್ಲಿ ಕಾಲೇಜಿಗೆ ಹೋಗುವ ಮಗಳನ್ನೂ ಪರೀಕ್ಷೆ ಮಾಡಿಸಿದೆವು. ತಮ್ಮನಿಗೂ ಹೆಚ್ಚಿತ್ತು. ಮಗಳಿಗೆ ಸದ್ಯಕ್ಕೆ ಇಲ್ಲ. ಅತ್ತೆಯ ಎಕೋ ವರದಿ ನಾರ್ಮಲ್ ಬಂತು!

ಆ ಹಳದಿ ಮಚ್ಚೆಗೆ ಜ್ಯಾಂಥೆಲಾಸ್ಮಾ ಎಂದು ಹೆಸರು. ರೆಪ್ಪೆಯ ಚರ್ಮದೊಳಗೆ ಕೊಲೆಸ್ಟ್ರಾಲ್ ತುಂಬಿದ ಕಣಗಳು ಸೇರಿ ಆಗುವ ಚಪ್ಪಟೆ ಮಚ್ಚೆ. ನೋವಿಲ್ಲ, ತುರಿಕೆಯಿಲ್ಲ, ಸಾಮಾನ್ಯವಾಗಿ ಮೂಗಿನ ಕಡೆಯ ಮೂಲೆಯಲ್ಲಿ ಬರುತ್ತದೆ. ಇದು ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕೊಲೆಸ್ಟ್ರಾಲ್ ತೊಂದರೆ ಇರುತ್ತದೆ. ಉಳಿದರ್ಧಕ್ಕೆ ವರದಿ ಸರಿಯಾಗಿಯೇ ಬರಬಹುದು, ಹಾಗಾಗಿ ಕಂಡ ಕೂಡಲೇ ಹೆದರಬೇಕಿಲ್ಲ. ಆದರೆ ಪರೀಕ್ಷೆ ಮಾಡಿಸಲೇಬೇಕು.

ಯಾಕೆ ಅಷ್ಟು ಒತ್ತಿ ಹೇಳುತ್ತೇನೆಂದರೆ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1976ರಿಂದ 78ರ ನಡುವೆ ಹೃದ್ರೋಗವಿಲ್ಲದ 12,745 ಜನರ ಕಣ್ಣು ನೋಡಿ ಬರೆದಿಟ್ಟುಕೊಂಡರು. ಶೇಕಡಾ 4.4 ಜನರಿಗೆ ಈ ಮಚ್ಚೆ ಇತ್ತು. ದಶಕಗಳ ಕಾಲ ಅವರನ್ನೆಲ್ಲ ಗಮನಿಸಿ 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಮಚ್ಚೆ ಇದ್ದವರಲ್ಲಿ ಹೃದಯಾಘಾತದ ಅಪಾಯ ಇಲ್ಲದವರಿಗಿಂತ ಶೇಕಡಾ 48ರಷ್ಟು ಹೆಚ್ಚಿತ್ತು. ಕೊಲೆಸ್ಟ್ರಾಲ್, ಬಿಪಿ, ಸಿಗರೇಟು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು. ಅಂದರೆ ಮಚ್ಚೆಯೇ ಒಂದು ಸ್ವತಂತ್ರ ಎಚ್ಚರಿಕೆ.

ಗಂಡಸರಿಗೆ ಈ ಮಚ್ಚೆ ಬಂದರೆ ಹೆಂಡತಿಯೋ ಮಗಳೋ ನೋಡಿ, "ಏನ್ರೀ ಇದು, ಡಾಕ್ಟರಿಗೆ ತೋರಿಸಿ" ಎನ್ನುತ್ತಾರೆ. ಹೆಂಗಸರಿಗೆ ಬಂದರೆ ಬಣ್ಣ ಹಚ್ಚಿ ಮುಚ್ಚುತ್ತಾರೆ. ಎಲ್ಲರ ಬಿಪಿ ಶುಗರ್ ನೆನಪಿಟ್ಟುಕೊಳ್ಳುವ ಮನೆಯೊಡತಿ ತನ್ನ ಪರೀಕ್ಷೆಯನ್ನು ಮಾತ್ರ ಮುಂದಿನ ತಿಂಗಳಿಗೆ ಹಾಕುತ್ತಲೇ ಇರುತ್ತಾಳೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಹೃದ್ರೋಗದ ಅಪಾಯ ಏರುತ್ತದೆ. ಭಾರತೀಯರಿಗೆ ಹೃದ್ರೋಗ ಪಾಶ್ಚಾತ್ಯರಿಗಿಂತ ಬೇಗ ಬರುತ್ತದೆ. ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ "ಮುಖ ಯಾಕೋ ಬಾಡಿದೆಯಲ್ಲೇ" ಎಂದು ಕೇಳಲು ತವರಿನ ಹಿರಿಯರೂ ಪಕ್ಕದಲ್ಲಿರುವುದಿಲ್ಲ. ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ಕಾಣುವುದು ಬಣ್ಣ ಹಚ್ಚಿದ ಮುಖ.

ಲೇಸರ್ ಅಥವಾ ಸಣ್ಣ ಶಸ್ತ್ರಚಿಕಿತ್ಸೆಯಿಂದ ಮಚ್ಚೆ ತೆಗೆಸಬಹುದು, ತಪ್ಪೇನಿಲ್ಲ. ಕೆಲವರಿಗೆ ಮತ್ತೆ ಬರುತ್ತದೆ. ಆದರೆ ಮಚ್ಚೆ ಹೋದರೆ ಅಪಾಯ ಹೋಯಿತು ಎಂದಲ್ಲ. ಮೊದಲು ಲಿಪಿಡ್ ಪ್ರೊಫೈಲ್, ಶುಗರ್, ಥೈರಾಯ್ಡ್, ಬಿಪಿ ನೋಡಿಸಿ. ಥೈರಾಯ್ಡ್ ಕಡಿಮೆಯಾದರೂ ಕೊಲೆಸ್ಟ್ರಾಲ್ ಏರುತ್ತದೆ. ಚಿಕ್ಕ ವಯಸ್ಸಿನಲ್ಲೇ ಮಚ್ಚೆ ಬಂದಿದ್ದರೆ, ಅಥವಾ ಮನೆಯಲ್ಲಿ ಬೇಗ ಹೃದಯಾಘಾತವಾದವರಿದ್ದರೆ, ವಂಶಪಾರಂಪರ್ಯ ಕೊಲೆಸ್ಟ್ರಾಲ್ ಇರಬಹುದು. ಜಗತ್ತಿನಲ್ಲಿ ಸುಮಾರು 250 ಜನರಲ್ಲಿ ಒಬ್ಬರಿಗೆ ಇದು ಇದೆ. ಆಗ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸಬೇಕು. ಲಿಪಿಡ್ ಪರೀಕ್ಷೆಯ ಖರ್ಚು ಸಾಮಾನ್ಯವಾಗಿ ಒಂದು ಮ್ಯಾಕ್ ಐಶ್ಯಾಡೋಗಿಂತ ಕಡಿಮೆಯೇ.

*ಆಸ್ಪತ್ರೆಗೆ ಬರುವ ದಿನ*

ತಪಾಸಣೆಗೆ ಬರುವಾಗ ಮೇಕಪ್ ಇಲ್ಲದೆ ಬನ್ನಿ. ತುಟಿ, ರೆಪ್ಪೆ, ಉಗುರಿನ ಬಣ್ಣ ನೋಡಿಯೇ ನಮಗೆ ಎಷ್ಟೋ ವಿಷಯ ತಿಳಿಯುತ್ತದೆ. ಉಗುರಿಗೆ ಗಾಢ ಬಣ್ಣ ಇದ್ದರೆ ಬೆರಳಿಗೆ ಹಾಕುವ ಆಮ್ಲಜನಕದ ಕ್ಲಿಪ್ಪು ತಪ್ಪು ತೋರಿಸಬಹುದು.

ಎಂಆರ್‌ಐ ಸ್ಕ್ಯಾನ್ ಇದ್ದರೆ ಐಶ್ಯಾಡೋ, ಮಸ್ಕರಾ ಪೂರ್ತಿ ತೊಳೆದು ಬರಲೇಬೇಕು. ಕೆಲವು ಬಣ್ಣಗಳಲ್ಲಿ ಕಬ್ಬಿಣದ ಆಕ್ಸೈಡ್ ಇದೆ ಎಂದು ಹೇಳಿದೆನಲ್ಲ, ಆ ದೊಡ್ಡ ಅಯಸ್ಕಾಂತದೊಳಗೆ ಅದರಿಂದ ಕಣ್ಣಿಗೆ ಉರಿಯಾಗಬಹುದು, ಚಿತ್ರವೂ ಕೆಡಬಹುದು. ಹೃದಯದ ಎಂಆರ್‌ಐ ಆದರೂ ಅದೇ ಯಂತ್ರ. ಅಯಸ್ಕಾಂತದ ಕೃತಕ ರೆಪ್ಪೆಗೂದಲಂತೂ ಖಂಡಿತ ಬೇಡ.

*ಹಚ್ಚುವವರಿಗೆ ಎಂಟು ಸೂಚನೆಗಳು*

1. ಕಂಪನಿಯ ಅಂಗಡಿ ಅಥವಾ ನಂಬಿಕೆಯ ಮಾರಾಟಗಾರರಿಂದ ಮಾತ್ರ ಕೊಳ್ಳಿ. ಆಮದುದಾರರ ಹೆಸರು, ನೋಂದಣಿ ಸಂಖ್ಯೆ ನೋಡಿ, ಬಿಲ್ಲು ಇಟ್ಟುಕೊಳ್ಳಿ.

2. ಡಬ್ಬಿಯ ಮೇಲೆ ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರವೂ ಅದರೊಳಗೆ ಒಂದು ಸಂಖ್ಯೆಯೂ ಇರುತ್ತದೆ. ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಎಂದು ಅರ್ಥ. ತೆರೆದ ತಾರೀಖನ್ನು ಅಡಿಯಲ್ಲಿ ಬರೆದಿಡಿ.

3. ಮಸ್ಕರಾ, ದ್ರವದ ಐಲೈನರ್ ಮೂರು ತಿಂಗಳಿಗೊಮ್ಮೆ ಬದಲಿಸಿ. ಪುಡಿ ಹೆಚ್ಚು ಕಾಲ ಬಾಳುತ್ತದೆ, ಆದರೆ ಒದ್ದೆ ಬ್ರಷ್ ತಾಗಿಸಿದರೆ ಬೇಗ ಕೆಡುತ್ತದೆ. ಎಂಜಲಂತೂ ಬೇಡವೇ ಬೇಡ.

4. ಕಣ್ಣುಬೇನೆ ಬಂದರೆ ಆಗ ಬಳಸುತ್ತಿದ್ದ ಕಣ್ಣಿನ ಮೇಕಪ್ ಎಲ್ಲವನ್ನೂ ಎಸೆಯಿರಿ. ಎರಡು ಸಾವಿರದ್ದಾದರೂ ಎಸೆಯಿರಿ.

5. ಬ್ರಷ್ಷುಗಳನ್ನು ವಾರಕ್ಕೊಮ್ಮೆ ಸೌಮ್ಯ ಸೋಪಿನಿಂದ ತೊಳೆದು ಒಣಗಿಸಿ. ಮುಂಬೈ, ಚೆನ್ನೈನ ತೇವದ ಗಾಳಿಯಲ್ಲಿ ಬಾತ್‌ರೂಮಿನ ಶೆಲ್ಫಿನಲ್ಲಿ ಇಡಬೇಡಿ.

6. ಲೆನ್ಸ್ ಮೊದಲು ಹಾಕಿ, ಮೇಕಪ್ ಆಮೇಲೆ. ರಾತ್ರಿ ಲೆನ್ಸ್ ಮೊದಲು ತೆಗೆಯಿರಿ, ಮೇಕಪ್ ಆಮೇಲೆ ತೊಳೆಯಿರಿ.

7. ರೆಪ್ಪೆಯ ಒಳ ಅಂಚಿಗೆ ಬಣ್ಣ ಹಚ್ಚಬೇಡಿ. ಕಣ್ಣೀರು ಬೇಗ ಆರದಂತೆ ಕಾಯುವ ಎಣ್ಣೆಯ ಗ್ರಂಥಿಗಳ ಬಾಯಿ ಅಲ್ಲಿದೆ, ಮುಚ್ಚಿದರೆ ಕಣ್ಣು ಒಣಗುತ್ತದೆ.

8. ಎಷ್ಟೇ ಸುಸ್ತಾಗಿದ್ದರೂ ಮೇಕಪ್ ತೆಗೆಯದೆ ಮಲಗಬೇಡಿ. ತೆಗೆದ ಮೇಲೆ ಒಳ್ಳೆಯ ಬೆಳಕಿನಲ್ಲಿ ಒಂದು ನಿಮಿಷ ನಿಮ್ಮ ರೆಪ್ಪೆಯನ್ನು ನೀವೇ ನೋಡಿಕೊಳ್ಳಿ.

*ಹಾಗಾದರೆ ಕೊಳ್ಳಬೇಕೇ, ಬೇಡವೇ?*

ದಿನಾ ಹಚ್ಚುವವರು, ವೇದಿಕೆ ಏರುವವರು, ಭರತನಾಟ್ಯ ಮಾಡುವ ಮಕ್ಕಳು, ಹಸೆಮಣೆಯಲ್ಲಿ ಗಂಟೆಗಟ್ಟಲೆ ಕೂರುವ ವಧು, ಇವರಿಗೆ ಮ್ಯಾಕ್‌ನಂಥ ಬ್ರ್ಯಾಂಡಿನ ಒಂದೆರಡು ಬಣ್ಣ ಕೊಡಿಸಿದರೆ ದುಡ್ಡು ವ್ಯರ್ಥವಲ್ಲ. ವರ್ಷಕ್ಕೆ ನಾಲ್ಕು ಸಲ ಹಚ್ಚುವವರಿಗೆ ಲೇಬಲ್ ಸರಿಯಿರುವ ದೇಶಿ ಡಬ್ಬಿ ಧಾರಾಳ ಸಾಕು. ಅದು ಹೆಚ್ಚು ಸುರಕ್ಷಿತ, ಇದು ಕಡಿಮೆ ಸುರಕ್ಷಿತ ಎಂಬ ಭೇದ ಬೇಡ. ಅಸಲಿಯೋ ನಕಲಿಯೋ, ಹೊಸದೋ ಹಳೆಯದೋ, ನಿಮ್ಮದೋ ಊರವರದೋ ಎನ್ನುವುದನ್ನು ನೋಡಿ.

ಬಣ್ಣ ಹಚ್ಚಿಕೊಳ್ಳುವುದು ಸಂತೋಷದ ವಿಷಯ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನನ್ನ ಕೋರಿಕೆ ಒಂದೇ. ಅಮ್ಮ, ಹೆಂಡತಿ, ಅಕ್ಕ, ಅತ್ತಿಗೆ, ಯಾರಿಗಾದರೂ ಉಡುಗೊರೆಯಾಗಿ ದುಬಾರಿ ಐಶ್ಯಾಡೋ ಕೊಡುವುದಾದರೆ, ಅದೇ ವಾರ ಅವರನ್ನು ಲ್ಯಾಬಿಗೂ ಕರೆದುಕೊಂಡು ಹೋಗಿ. "ನನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ" ಎನ್ನುತ್ತಾರೆ. ಹಾಗೆ ಹೇಳುವವರನ್ನೇ ಮೊದಲು ಕರೆದುಕೊಂಡು ಹೋಗಿ.

ಈ ಬರಹ ತಿಳಿವಳಿಕೆಗಾಗಿ ಮಾತ್ರ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ನಿಮ್ಮ ವೈದ್ಯರ ಸಲಹೆಯಂತೆಯೇ ಆಗಲಿ. ಉಪಯೋಗವೆನಿಸಿದರೆ ನಿಮ್ಮ ಬಳಗದ ಹೆಣ್ಣುಮಕ್ಕಳಿಗೆ ಕಳುಹಿಸಿ, ಗಂಡಸರೂ ಓದಲಿ.

ಎಲ್ಲರಿಗೂ ಆರೋಗ್ಯ ಸಿಗಲಿ. ಮುಂದಿನ ಕಂತಿನಲ್ಲಿ ಭೇಟಿಯಾಗೋಣ.